ಮೊದಲು ಧಾಟಿ ಹಿಡೀರಿ, ಪಾಠ ಆಮೇಲೆ

ಅಕ್ಕ, ಏಸು ದೇವರೂ ಹೌದು ಮನುಷ್ಯನೂ ಹೌದು ಅನ್ನೋದನ್ನ ಸಂಡೇ ಸ್ಕೂಲ್ ಮಕ್ಕಳಿಗೆ ಹಾಡಲ್ಲಿ ಕಲಿಸ್ಬೇಕು, ಬರೆದಿದ್ದೆಲ್ಲ ಪ್ರಶ್ನೋತ್ತರದ ಥರಾನೇ ಆಗ್ತಿದೆ ಅಂದ್ರಲ್ಲ, ಹಾಗಾದ್ರೆ ಎಫ್ರೇಮ ಅನ್ನೋ ಕ್ರೈಸ್ತ ಕವಿ ಏನ್ಮಾಡಿದ ನೋಡಿ. ನಾಲ್ಕನೇ ಶತಮಾನದವನು, ಈಗಿನ ಟರ್ಕಿಯಲ್ಲಿರೋ ನಿಸಿಬಿಸ್ ಊರಿನವನು, 363ರಲ್ಲಿ ಆ ಊರು ಪರ್ಷಿಯಾದವರ ಪಾಲಾಯ್ತು, ಎಡೆಸ್ಸಾ ಅನ್ನೋ ಊರಿಗೆ ಬಂದು ಅಲ್ಲೇ 373ರಲ್ಲಿ ತೀರ್ಕೊಂಡ. ಆ ಕಡೆ ಕ್ರೈಸ್ತರ ಸಿರಿಯಾಕ್ ಭಾಷೇಲಿ ಬರೆದ ಹಾಡುಗಳೇ ನಾನೂರರ ಮೇಲೆ ಉಳ್ದಿವೆ.

ಎಡೆಸ್ಸಾದಲ್ಲಿ ಅವನಿಗಿಂತ ಮುಂಚೆ ಬಾರ್ದೈಸಾನ್ ಅನ್ನೋ ಪಂಡಿತ ಇದ್ದ. ಬೈಬಲ್ ಕೀರ್ತನೆಗಳ ಲೆಕ್ಕಕ್ಕೆ ಸರಿಯಾಗಿ 150 ಹಾಡು ಕಟ್ಟಿದ್ದ ಅಂತ ಎಫ್ರೇಮನೇ ಬರೀತಾನೆ, ಹಾಡಿನ ಸಿಹೀಲಿ ಅವನ ಸಿದ್ಧಾಂತಾನೂ ಜನರ ಹೊಟ್ಟೆ ಸೇರ್ತಿದೆ ಅನ್ನೋದೇ ಇವನ ಸಿಟ್ಟು. ಎಫ್ರೇಮ ಗದ್ಯದಲ್ಲಿ ಖಂಡನೆನೂ ಬರೆದ, ಆದ್ರೆ ನನ್ ಪ್ರಕಾರ ನಿಂತಿದ್ದು ಅವನ ಹಾಡೇ. ಹೆಂಗಸರಿಗೆ ಕಲಿಸಿ ಸಭೇಲಿ ಹಾಡಿಸ್ದ ಅಂತ ಆಮೇಲೆ ಬಂದ ಸಿರಿಯಾಕ್ ಕವಿ ಸೆರೂಗಿನ ಯಾಕೋಬ ಹೊಗಳಿದಾನೆ.

ಈಗ ನಿಮ್ಮ ಕೆಲಸಕ್ಕೆ ಬರೋದು. ಅವನ ಹಾಡಿನ ತಲೆ ಮೇಲೆ ಇದು ಇಂಥ ಧಾಟಿ ಅಂತ ಇರ್ತಿತ್ತು, ಅಂದ್ರೆ ರಾಗ ಜನಕ್ಕೆ ಆಗ್ಲೇ ಗೊತ್ತು. ಪ್ರತಿ ಚರಣ ಮುಗಿದ ಮೇಲೆ ಸಭೆ ಹೇಳೋ ಪುಟ್ಟ ಪಲ್ಲವಿ, ಭಾರದ ವಿಷಯ ಎಲ್ಲ ಚರಣದಲ್ಲಿ. ಅದೂ ಸಿದ್ಧಾಂತದ ಭಾಷೇಲಲ್ಲ. ಕ್ರಿಸ್ತ ಜಯಂತಿ ಹಾಡಲ್ಲಿ ಮರಿಯಮ್ಮನ ಎದೆಹಾಲು ಕುಡಿಯೋ ಕೂಸಿಂದಲೇ ಲೋಕದ ಜೀವಕ್ಕೆಲ್ಲ ಹಾಲು ಅಂತಾನೆ, ನಿಮ್ಮ ಪಾಠ ಪೂರ್ತಿ ಅಷ್ಟ್ರಲ್ಲೇ ಬಂತಲ್ವಾ.

ಸಿರಿಯಾಕ್‌ನಲ್ಲಿ ಅಕ್ಷರ ಎಣಿಸಿದ್ರೆ ಸಾಕು. ಮಿಲಾನ್‌ನ ಬಿಷಪ್ ಅಂಬ್ರೋಸನೂ ಲ್ಯಾಟಿನ್‌ನಲ್ಲಿ ಸಾಲಿಗೆ ಎಂಟಕ್ಷರ, ಚರಣಕ್ಕೆ ನಾಲ್ಕು ಸಾಲು ಅಂತ ಬಿಗಿಯಾಗಿ ಕಟ್ಟಿದ. ಆದ್ರೆ ಕನ್ನಡಕ್ಕೆ ಮಾತ್ರೆ ಎಣಿಸಿ ಅಕ್ಕ, ಅಂದ್ರೆ ಅಕ್ಷರ ಹೇಳೋಕೆ ಹಿಡಿಯೋ ಹೊತ್ತು, ಲಘುಗೆ ಒಂದು ಗುರುಗೆ ಎರಡು. 'ಮನೆಮಗ'ನೂ ನಾಲ್ಕಕ್ಷರ 'ಪವಿತ್ರಾತ್ಮ'ನೂ ನಾಲ್ಕಕ್ಷರ, ಮಾತ್ರೆ ನೋಡಿದ್ರೆ ಒಂದು ನಾಲ್ಕು ಇನ್ನೊಂದು ಆರು, ಒಂದರ ಜಾಗದಲ್ಲಿ ಇನ್ನೊಂದು ಹಾಕಿದ್ರೆ ಮಕ್ಕಳು ಅಲ್ಲೇ ಎಡವ್ತಾರೆ. ಜರ್ಮನಿಯಿಂದ ಬಂದ ಮಿಷನರಿ ಕಿಟೆಲ್ ಸಾಹೇಬ್ರೇ 1862ರಲ್ಲಿ ಏಸುವಿನ ಕತೇನ 'ಕಥಾಮಾಲೆ' ಅಂತ ನಮ್ಮ ಕಡೆ ಛಂದಸ್ಸಲ್ಲೇ ಬರೆದ್ರು, ಜರ್ಮನ್ ರಾಗಕ್ಕೇ ಜೋತುಬೀಳ್ಬೇಕಂತೇನಿಲ್ಲ.

ಹಾಗಾಗಿ ಮಕ್ಕಳಿಗೆ ಬಾಯಿಪಾಠ ಇರೋ ಜೋಗುಳದ ಧಾಟಿನೋ ಕೋಲಾಟದ್ದೋ ಹಿಡೀರಿ, ಪಲ್ಲವಿ ಒಂದೇ ಸಾಲು ಇರ್ಲಿ, ಚರಣಕ್ಕೆ ಒಂದೇ ಚಿತ್ರ. ಒಂದು ಚರಣ ಆದ್ಮೇಲೆ ಇಲ್ಲಿ ಹಾಕಿ, ಧಾಟಿ ಯಾವ್ದು ಅಂತಾನೂ ಹೇಳಿ, ಮಾತ್ರೆ ಕೂಡ್ಸಿ ನೋಡೋಣ.