ರಾಕ್ಸಿ ಮ್ಯೂಸಿಕ್ ಕೇಳೋದಾದರೆ ಕೊನೆಯಿಂದ ಕೇಳಿ

ನಮಸ್ಕಾರ. ನಿಮ್ಮ ಪತ್ರ ಓದಿದೆ. ಬ್ರಿಟನ್ನಿನ ರಾಕ್ ತಂಡ ರಾಕ್ಸಿ ಮ್ಯೂಸಿಕ್‌ನ ಕೊನೆಯ ಆಲ್ಬಂ ‘ಅವಲಾನ್’ (1982) ನಿಮಗೆ ತುಂಬಾ ಹಿಡಿಸಿತು. ಅದೇ ಖುಷಿಯಲ್ಲಿ ರಾಕ್ಸಿ ಮ್ಯೂಸಿಕ್‌ನ ಮೊದಲ ಆಲ್ಬಂ ಹಾಕಿದರೆ ತಲೆನೋವು ಬಂತು, ಅರ್ಧಕ್ಕೇ ನಿಲ್ಲಿಸಿದಿರಿ. ‘ಬ್ರಯನ್ ಈನೋ ಇದ್ದ ಮೊದಲ ಎರಡೇ ಅಸಲಿ, ಮಿಕ್ಕಿದ್ದೆಲ್ಲ ಸೂಟು ಬೂಟಿನ ಶೋಕಿ’ ಎಂದು ಗೆಳೆಯರೊಬ್ಬರು ಅಂದರಂತೆ. (ಈನೋ ಆ ಎರಡು ಆಲ್ಬಂಗಳಲ್ಲಿ ತಂಡದ ಸಿಂಥಸೈಜರ್ ವಾದಕ.) ಹಾಗಾದರೆ ನನಗೆ ಇಷ್ಟವಾಗಿದ್ದು ನಕಲಿಯಾ, ಎಂಟೂ ಆಲ್ಬಂ ಕೇಳಲೇಬೇಕಾ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ನೀವು ಈಗ ಇರುವ ಜಾಗದಿಂದಲೇ ಹಿಂದಕ್ಕೆ ಹೋಗಿ. 1982ರಿಂದ 1972ಕ್ಕೆ. ಇಸವಿ ಪ್ರಕಾರ ಕೇಳಿದರೆ, ತಿಕ್ಕಲು ಹುಡುಗರು ಬರಬರುತ್ತಾ ಸಭ್ಯಸ್ಥರಾದರು ಅನ್ನುವ ಕಥೆಯೇ ಸಿಗುವುದು. ನಿಮ್ಮ ಗೆಳೆಯರು ಹೇಳಿದ್ದೂ ಅದನ್ನೇ. ಹಿಂದಕ್ಕೆ ಕೇಳಿ ನೋಡಿ. ಆ ತಿಕ್ಕಲು ಕೊನೆಯವರೆಗೂ ಒಳಗೇ ಇತ್ತು ಅನ್ನುವುದು ತಾನಾಗಿ ಕಿವಿಗೆ ಬೀಳುತ್ತದೆ.

‘ಮೋರ್ ದ್ಯಾನ್ ದಿಸ್’ ಹಾಡನ್ನು ಇನ್ನೊಮ್ಮೆ ಹಾಕಿ, ಗಡಿಯಾರ ನೋಡಿಕೊಂಡು ಕೇಳಿ. ಹಾಡು ಸುಮಾರು ನಾಲ್ಕೂವರೆ ನಿಮಿಷ. ಮೂರು ನಿಮಿಷ ತುಂಬುವ ಮೊದಲೇ ತಂಡದ ಗಾಯಕ ಬ್ರಯನ್ ಫೆರ್ರಿ ಹಾಡುವುದನ್ನು ನಿಲ್ಲಿಸಿಬಿಡುತ್ತಾರೆ. ಆಮೇಲೆ ಬರೀ ವಾದ್ಯ, ಅಷ್ಟೇ. ಪಲ್ಲವಿ ಮತ್ತೆ ಬರುತ್ತದೆ ಅಂತ ಕಾಯುತ್ತೀರಿ, ಬರುವುದಿಲ್ಲ. ರೇಡಿಯೋದಲ್ಲಿ ಗೆಲ್ಲಬೇಕಾದ ಹಾಡಿನಲ್ಲಿ ಹಾಡುವವನೇ ಮಧ್ಯದಲ್ಲಿ ಎದ್ದು ಹೋಗೋದು ಸಣ್ಣ ಧೈರ್ಯವಲ್ಲ, ಅಲ್ವಾ? ಅದೇ ಆಲ್ಬಂನಲ್ಲಿ ‘ಇಂಡಿಯಾ’ ಅಂತ ಎರಡು ನಿಮಿಷವೂ ಇಲ್ಲದ ಒಂದು ತುಣುಕಿದೆ, ಅದರಲ್ಲಿ ಮಾತೇ ಇಲ್ಲ. (ಹೆಸರು ನೋಡಿ ಸಿತಾರ್, ತಬಲಾ ಹುಡುಕಬೇಡಿ.)

‘ಫ್ಲೆಶ್ + ಬ್ಲಡ್’ (1980) ಮತ್ತು ‘ಮ್ಯಾನಿಫೆಸ್ಟೋ’ (1979) ನನ್ನ ಲೆಕ್ಕದಲ್ಲಿ ಒಂದೊಂದು ಸಲ ಕೇಳಿದರೆ ಸಾಕು. 1975ರ ‘ಸೈರನ್’ ಹತ್ತಿರ ನಿಧಾನ ಮಾಡಿ. ‘ಲವ್ ಈಸ್ ದ ಡ್ರಗ್’ ಶುರುವಾಗುವುದು ಹೆಜ್ಜೆ ಸದ್ದು, ಕಾರ್ ಸ್ಟಾರ್ಟ್ ಆಗುವ ಸದ್ದಿನಿಂದ. ಕುಣಿಸುವ ಹಾಡು, ನಿಮಗೆ ಕಷ್ಟವಾಗಲ್ಲ. ಹಿಂದಿನ ವರ್ಷದ ‘ಕಂಟ್ರಿ ಲೈಫ್’ನಲ್ಲಿ ‘ಔಟ್ ಆಫ್ ದ ಬ್ಲೂ’ ಇದೆ. ಅದರ ಕೊನೆಯಲ್ಲಿ ಪಿಟೀಲು ಹಿಡಿದು ಹುಚ್ಚೆಬ್ಬಿಸುವವರು ಎಡ್ಡಿ ಜಾಬ್ಸನ್. ಈನೋ ಬಿಟ್ಟ ಜಾಗಕ್ಕೆ ಬಂದಾಗ ಅವರಿಗೆ ಬರೀ 18 ವಯಸ್ಸು.

ಈಗ ಗೆಳೆಯರ ಮಾತಿಗೆ ಬರೋಣ. ಈನೋ ದೊಡ್ಡವರು, ಅದರಲ್ಲಿ ತಕರಾರಿಲ್ಲ. ಆದರೆ ಮೊದಲೆರಡು ಆಲ್ಬಂಗಳ ಹಾಡುಗಳನ್ನು ಬರೆದವರು ಫೆರ್ರಿ. ಬೇರೆಯವರು ನುಡಿಸಿದ್ದನ್ನು ವಿಸಿಎಸ್3 ಸಿಂಥಸೈಜರ್ ಮತ್ತು ಟೇಪ್‌ಗಳಲ್ಲಿ ಹಾಯಿಸಿ, ತಿರುಚಿ, ಗುರುತು ಸಿಗದಂತೆ ಮಾಡುವುದು ಈನೋ ಕೆಲಸ. ಆರಂಭದ ಕಾರ್ಯಕ್ರಮಗಳಲ್ಲಿ ಅವರು ವೇದಿಕೆ ಮೇಲೆ ಇರುತ್ತಲೇ ಇರಲಿಲ್ಲ. ಸಭಾಂಗಣದ ಹಿಂದೆ, ಮಿಕ್ಸಿಂಗ್ ಡೆಸ್ಕ್ ಬಳಿ ಕೂತಿರುತ್ತಿದ್ದರು. 1973ರಲ್ಲಿ ಅವರು ಹೊರಟರು. ಅದೇ ವರ್ಷದ ಕೊನೆಗೆ ಬಂದ ‘ಸ್ಟ್ರಾಂಡೆಡ್’ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. ಅದರಲ್ಲಿ ‘ಮದರ್ ಆಫ್ ಪರ್ಲ್’ ಕೇಳಿ. ಮೊದಲ ಒಂದು ನಿಮಿಷಕ್ಕೂ ಜಾಸ್ತಿ ಗದ್ದಲವೋ ಗದ್ದಲ. ಇದ್ದಕ್ಕಿದ್ದಂತೆ ಎಲ್ಲ ತಣ್ಣಗಾಗುತ್ತದೆ. ಪಾರ್ಟಿ ಮುಗಿದ ಮೇಲೆ ಒಬ್ಬನೇ ಉಳಿದವನ ಹಾಗೆ ಫೆರ್ರಿ ಐದು ನಿಮಿಷ ಹಾಡುತ್ತಾರೆ. ಇದು ಶೋಕಿಯಾದರೆ ಇಂಥ ಶೋಕಿ ಇನ್ನಷ್ಟು ಇರಲಿ.

ಮುಂದಿನದು ‘ಫಾರ್ ಯುವರ್ ಪ್ಲೆಶರ್’ (1973). ನನಗೆ ಎಂಟರಲ್ಲಿ ಇದೇ ಹೆಚ್ಚು. ‘ಇನ್ ಎವ್ರಿ ಡ್ರೀಮ್ ಹೋಮ್ ಎ ಹಾರ್ಟೇಕ್’ ಒಬ್ಬ ಶ್ರೀಮಂತನ ಹಾಡು. ಮನೆಯಲ್ಲಿ ಎಲ್ಲ ಇದೆ. ಸಂಗಾತಿ ಮಾತ್ರ ಗಾಳಿ ತುಂಬಿದ ಬೊಂಬೆ. ಮೂರು ನಿಮಿಷ ಆರ್ಗನ್ ಒಂದೇ ಕಡೆ ಸುತ್ತುತ್ತದೆ. ಫೆರ್ರಿ ಹಾಡುವುದೂ ಇಲ್ಲ, ಸುಮ್ನೆ ಪಟ್ಟಿ ಓದಿದ ಹಾಗೆ ಹೇಳುತ್ತಾ ಹೋಗುತ್ತಾರೆ. ಕೊನೆಯ ಮಾತು ಬಿದ್ದ ಕೂಡಲೇ ಫಿಲ್ ಮಂಜನೆರಾ ಗಿಟಾರ್ ನುಗ್ಗುತ್ತದೆ. ಸದ್ದು ಕ್ರಮೇಣ ಕರಗುತ್ತದೆ. ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಮೇಲೇಳುತ್ತದೆ, ಈ ಸಲ ಪೂರ್ತಿ ಕಲಸಿಹೋಗಿ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಇಷ್ಟಾದ ಮೇಲೆ ನಿಮಗೆ ತಲೆನೋವು ತಂದ ಆಲ್ಬಂ. ಫೆರ್ರಿ ನ್ಯೂಕಾಸಲ್‌ನಲ್ಲಿ ಚಿತ್ರಕಲೆ ಓದಿದವರು. ಮೇಷ್ಟ್ರು ರಿಚರ್ಡ್ ಹ್ಯಾಮಿಲ್ಟನ್, ಜಾಹೀರಾತು ಮತ್ತು ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಅಂಟಿಸಿ ಪಾಪ್ ಆರ್ಟ್ ಮಾಡಿದ ಕಲಾವಿದ. ಮೊದಲ ಹಾಡು ‘ರೀ-ಮೇಕ್/ರೀ-ಮಾಡೆಲ್’ ಅದೇ ಕತ್ತರಿ ಕೆಲಸ. ಅದರಲ್ಲಿ ಕೋರಸ್ ಹಾಡುವುದು ಒಂದು ಕಾರಿನ ನಂಬರ್ ಪ್ಲೇಟನ್ನು! ಕೊನೆಯಲ್ಲಿ ಒಬ್ಬೊಬ್ಬರಿಗೂ ಕೆಲವೇ ಸೆಕೆಂಡ್ ಸಿಗುತ್ತದೆ. ಬಾಸ್ ಗಿಟಾರ್ ಬೀಟಲ್ಸ್‌ನ ‘ಡೇ ಟ್ರಿಪ್ಪರ್’ ನುಡಿಸಿದರೆ, ಆಂಡಿ ಮೆಕೇ ಸ್ಯಾಕ್ಸೋಫೋನಿನಲ್ಲಿ ಜರ್ಮನಿಯ ಸಂಗೀತ ಸಂಯೋಜಕ ವಾಗ್ನರ್ ಬರುತ್ತಾನೆ. ಅರ್ಧಕ್ಕೆ ನಿಲ್ಲಿಸಿದ್ದೀರಲ್ಲ, ಈ ಸಲ ಇದೊಂದು ಹಾಡನ್ನಾದರೂ ಕೊನೆವರೆಗೆ ಕೇಳಿ.

ಕೊಳ್ಳುವಾಗ ಒಂದು ವಿಷಯ. ‘ವರ್ಜಿನಿಯಾ ಪ್ಲೇನ್’ 1972ರಲ್ಲಿ ಬಿಡಿ ಹಾಡಾಗಿ ಬಂದದ್ದು, ಬ್ರಿಟನ್ನಿನ ಮೂಲ ಎಲ್‌ಪಿಯಲ್ಲಿ ಅದು ಇಲ್ಲ. ಆಮೇಲಿನ ಮುದ್ರಣಗಳಲ್ಲಿ ಸೇರಿಸಿದ್ದಾರೆ, ಪಟ್ಟಿ ನೋಡಿ ತೆಗೆದುಕೊಳ್ಳಿ. ಲೈವ್ ಬೇಕು ಅನ್ನಿಸಿದರೆ 1976ರ ‘ವಿವಾ!’ ಇದೆ. ಆ ಬೊಂಬೆಯ ಹಾಡು ಅದರಲ್ಲೂ ಉಂಟು.

— ಸಂಪಾದಕ