ಕೋಳಿಯನ್ನು ಮನೆಯೊಳಗೆ ಸಾಕಿದರೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವುದನ್ನು ಕಲಿಸಬಹುದಾ?

ನಾಯಿ, ಬೆಕ್ಕಿಗೆ ಕಲಿಸಿದಷ್ಟು ಪಕ್ಕಾ ಆಗಿ ಕಲಿಸಲು ಆಗುವುದಿಲ್ಲ. ಕೋಳಿಗೆ ಮೂತ್ರಕೋಶವೇ ಇಲ್ಲ, ಮಲ ಮೂತ್ರ ಎರಡೂ ಒಂದೇ ದಾರಿಯಲ್ಲಿ ಹೊರಬರುತ್ತವೆ. ಹೆಚ್ಚು ಹೊತ್ತು ತಡೆದುಕೊಳ್ಳುವುದು ಅದರಿಂದ ಆಗದು. ಹಿಕ್ಕೆಯ ಮೇಲೆ ಬಿಳಿ ಟೋಪಿ ಹಾಕಿದಂತೆ ಕಾಣುತ್ತದಲ್ವಾ, ಅದೇ ಮೂತ್ರ. ಹಾಗಾಗಿ ಬೈಯುವುದು, ಹೊಡೆಯುವುದು ಖಂಡಿತ ಬೇಡ. ಪಾಪ, ಅದಕ್ಕೆ ಏನೂ ಅರ್ಥವಾಗುವುದಿಲ್ಲ, ನಿಮ್ಮನ್ನು ಕಂಡರೆ ಹೆದರುತ್ತದೆ ಅಷ್ಟೆ.

ಆದರೆ ಗಲೀಜು ಕಡಿಮೆ ಮಾಡಬಹುದು. ರಾತ್ರಿ ಕೂತಲ್ಲೇ ಜಾಸ್ತಿ ಹಿಕ್ಕೆ ಬೀಳುತ್ತದೆ. ಮಲಗಲು ಒಂದು ಅಡ್ಡಕೋಲು ಕಟ್ಟಿ, ಕೆಳಗೆ ಅಗಲವಾದ ಟ್ರೇ ಇಟ್ಟು ಮರದ ಹೊಟ್ಟು ಹರಡಿ. ಕತ್ತಲಾದಾಗ ಕೋಳಿ ತಾನಾಗಿಯೇ ಅದೇ ಜಾಗಕ್ಕೆ ಬಂದು ಕೂರುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹೊರಗೆ ಬಿಡಿ, ಒಂದು ಸುತ್ತು ಮುಗಿಸಿದ ಮೇಲೆ ಒಳಗೆ ಕರೆಯಿರಿ. ಹೆಸರು ಹಿಡಿದು ಕರೆದು ಪ್ರತಿ ಸಲ ನಾಲ್ಕು ಕಾಳು ಜೋಳ ಕೊಟ್ಟರೆ ಬೇಗ ಓಡಿ ಬರುತ್ತದೆ. ಇದನ್ನು ಕೋಳಿ ಚೆನ್ನಾಗಿ ಕಲಿಯುತ್ತದೆ.

ಕೋಳಿಗೆಂದೇ ಹೊಲಿದ ಡೈಪರ್ ಕೂಡ ಸಿಗುತ್ತದೆ. ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಬೇಕು, ರಾತ್ರಿ ಬಿಚ್ಚಿಡಬೇಕು. ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ.

ಇಡೀ ದಿನ ಒಳಗೇ ಕೂಡಿಹಾಕುವ ಯೋಚನೆ ಇದ್ದರೆ ದಯವಿಟ್ಟು ಸಾಕಬೇಡಿ. ಕೆದಕಲು, ಹೊರಳಾಡಲು ಒಣಮಣ್ಣು, ಬಿಸಿಲು ಬೇಕೇ ಬೇಕು. ಅಡುಗೆಮನೆಗೆ ಬಿಡಬೇಡಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆರೋಗ್ಯವಾಗಿ ಕಾಣುವ ಕೋಳಿಯಿಂದಲೂ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಬರಬಹುದು, ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದರೆ ಇನ್ನೂ ಹುಷಾರಾಗಿರಿ.