ಬದು ಸರಿಯುತ್ತಿದೆ, ಕಾಕಾ ಕೇಳುತ್ತಿಲ್ಲ

ಪ್ರಶ್ನೆ: ಅಣ್ಣಿಗೇರಿ ಹತ್ತಿರ ನಮ್ಮದು 4 ಎಕರೆ ಎರೆ ಹೊಲ. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ, ಹೊಲ ಪಾಲಿಗೆ ಕೊಟ್ಟಿದ್ದೇವೆ. ಪಕ್ಕದ ಹೊಲದ ಕಾಕಾ ಪ್ರತಿ ವರ್ಷ ಟ್ರ್ಯಾಕ್ಟರ್ ಹೊಡೆಸುವಾಗ ಬದು ಕೆತ್ತುತ್ತಾರೆ. ಕೇಳಿದರೆ "ನಿಮ್ಮಪ್ಪನ ಕಾಲದಿಂದ ಬದು ಇಲ್ಲೇ ಐತಿ" ಅನ್ನುತ್ತಾರೆ. ಅವರ ಚಕ್ಕಡಿ ಹಾಯುವುದೂ ನಮ್ಮ ಹೊಲದಲ್ಲೇ. ಪೊಲೀಸರಿಗೆ ದೂರು ಕೊಟ್ಟು, ತಂತಿ ಬೇಲಿ ಹಾಕಿ ದಾರಿ ಬಂದ್ ಮಾಡಲೇ?

ಉತ್ತರ: ದಾರಿಗೆ ಕೈ ಹಚ್ಚಬೇಡಿ. ಬದುವಿನ ವಿಚಾರ ಮಾತ್ರ ಬಿಡಬೇಡಿ. ಇವೆರಡೂ ಬೇರೆ ಬೇರೆ.

ಸರ್ವೆ ಕೆಲಸದಲ್ಲಿ ನಾನು ನೋಡಿದ ಹಾಗೆ, ಕೆತ್ತಿದ ಬದು ತಾನೇ ಸಾಕ್ಷಿ ಹೇಳುತ್ತದೆ. ಒಂದು ಮಗ್ಗಲು ಕೊಯ್ದ ಹಾಗೆ ನೆಟ್ಟಗಿರುತ್ತದೆ, ಕರಿಕೆ ಬೇರು ಹೊರಗೆ ಜೋತಾಡುತ್ತಿರುತ್ತದೆ. ಇನ್ನೊಂದು ಮಗ್ಗಲು ಇಳಿಜಾರಾಗಿ ಹುಲ್ಲು ತುಂಬಿರುತ್ತದೆ. ಈಗಲೇ ಫೋಟೊ ತೆಗೆದಿಡಿ. ಒಂದಡಿ ಹೋದರೆ ಏನಾಯ್ತು ಅನ್ನಬೇಡಿ. 363 ಅಡಿ ಉದ್ದದ ಬದು 3 ಅಡಿ ಸರಿದರೆ 1 ಗುಂಟೆ ಹೋಯಿತು, ಅಂದರೆ 1,089 ಚದರಡಿ. ಇನ್ನೊಂದು ಮಾತು. ಬೇರೆಯವರು ನಿಮ್ಮ ಜಾಗವನ್ನು ತಮ್ಮದೆಂದೇ 12 ವರ್ಷ ರಾಜಾರೋಷವಾಗಿ ಅನುಭವಿಸಿದರೆ, ಅದನ್ನು ವಾಪಸ್ ಪಡೆಯುವ ನಿಮ್ಮ ಹಕ್ಕಿಗೇ ಕುತ್ತು.

ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಹೊಲದ ಹದ್ದು (ಗಡಿ) ಅಳೆದು ಗುರುತಿಸಿಕೊಡಲು, ಅರ್ಜಿ ಹಾಕಿ. ಕಡಲೆ ಕಿತ್ತ ಮೇಲೆ, ಮುಂಗಾರಿಗೆ ಹೆಸರು ಬಿತ್ತುವ ಮೊದಲು ಅಳತೆ ಆಗಬೇಕು. ಬೆಳೆ ನಿಂತ ಹೊಲದಲ್ಲಿ ಅಳತೆ ಅಂದರೆ ಇನ್ನೊಂದು ಜಗಳ. ಸರ್ವೆಯರ್ ಆಜುಬಾಜಿನವರಿಗೆ ನೋಟಿಸ್ ಕೊಟ್ಟು, ಹಳೆಯ ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ನೋಡಿ ಹದ್ದು ತೋರಿಸುತ್ತಾರೆ. ಒತ್ತುವರಿ ಬಿಡಿಸಿಕೊಡುವುದು ಅವರ ಕೆಲಸವಲ್ಲ. ಕಾಕಾ ಆಗಲೂ ಬಿಡದಿದ್ದರೆ ಸಿವಿಲ್ ಕೋರ್ಟೇ ಗತಿ. ಪೊಲೀಸರ ಹತ್ತಿರ ಈಗ ಹೋದರೆ "ಇದು ಸಿವಿಲ್ ವ್ಯಾಜ್ಯ" ಅಂತ ಕಳಿಸುತ್ತಾರೆ. ಹಾಕಿದ ಹದ್ದಿನ ಕಲ್ಲು ಯಾರಾದರೂ ಕಿತ್ತರೆ ಅದು ಅಪರಾಧ, ಆಗ ಹೋಗಿ.

ಇನ್ನು ಚಕ್ಕಡಿ ದಾರಿ. 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ಓಡಾಡಿದ ದಾರಿಗೆ 1882ರ ಈಸ್‌ಮೆಂಟ್ (ಬೇರೆಯವರ ಜಾಗದಲ್ಲಿ ಹಾಯುವಂಥ ಅನುಭೋಗದ ಹಕ್ಕು) ಕಾಯ್ದೆಯ ಬಲವಿದೆ. ಅವರಿಗೆ ಬೇರೆ ದಾರಿಯೇ ಇಲ್ಲ ಅಂದರೆ ನೀವು ಹಾಕಿದ ಬೇಲಿಯನ್ನು ಕೋರ್ಟೇ ತೆಗೆಸಬಹುದು. ಹೊಲ ಇದ್ದೂ ಸುಗ್ಗಿ ಮನೆಗೆ ತರಲಾಗದ ಸ್ಥಿತಿ ಯಾವ ರೈತನಿಗೂ ಬರಬಾರದು. ನಡು ಹೊಲದಲ್ಲಿ ಹಾಯುತ್ತಿದ್ದರೆ, ಬದುವಿನ ಗುಂಟ ಹೋಗಿ ಅಂತ ಕೇಳಿ. ಎಷ್ಟೋ ಜನ ಒಪ್ಪುತ್ತಾರೆ.

ಅರ್ಜಿ ಹಾಕುವ ಮುಂಚೆ ಕಾಕಾನ ಮನೆಗೆ ನೀವೇ ಹೋಗಿ ಹೇಳಿ, "ಅಳತೆಗೆ ನೀವೂ ನಿಲ್ಲಬೇಕು" ಅಂತ. ನೋಟಿಸ್ ನೋಡಿಯೇ ಗೊತ್ತಾದರೆ ಮನಸ್ಸು ಮುರಿಯುತ್ತದೆ. ಕಲ್ಲು ನೆಡುವಾಗ ಪಾಲಿನವರೂ ಇರಲಿ, ಗುಂಡಿ ಆಳವಾಗಿರಲಿ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಕಲ್ಲು ವಾಲುತ್ತದೆ. ಮೊದಲ ಮಳೆ ಆದ ಮೇಲೆ ಒಮ್ಮೆ ಹೋಗಿ ನೋಡಿ, ವಾಲಿದ್ದರೆ ಕಾಕಾನನ್ನು ಕರೆದು ಅವರೆದುರೇ ನೆಟ್ಟಗೆ ಮಾಡಿಸಿ.

— ನಿವೃತ್ತ ಭೂಮಾಪಕ, ಗದಗ